ಉತ್ತರ ಧ್ರುವದಿಂದ ಬರುತ್ತಿದ್ದ ಕಾಗದಗಳು

ಜೆ. ಆರ್. ಆರ್. ಟೋಲ್ಕಿನ್ ಎಂದರೆ ‘ದಿ ಹಾಬಿಟ್’, ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಗಳ ಕರ್ತೃವೆಂದು ಇಂಗ್ಲಿಷ್ ಓದುವವರೆಲ್ಲ ಬಲ್ಲರು. ಆಕ್ಸ್‌ಫರ್ಡಿನ ಈ ಪ್ರಾಧ್ಯಾಪಕರು ಮನೆಯ ಮಕ್ಕಳಿಗಾಗಿಯೇ ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆಸಿದ ಇನ್ನೊಂದು ಬರವಣಿಗೆಯೂ ಉಂಟು.

ಟೋಲ್ಕಿನ್ ಜನಿಸಿದ್ದು 1892ರ ಜನವರಿ 3ರಂದು, ದಕ್ಷಿಣ ಆಫ್ರಿಕದ ಬ್ಲೋಮ್‌ಫಾಂಟೀನ್‌ನಲ್ಲಿ. ನಾಲ್ಕು ವರ್ಷದವರಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಮೇಬಲ್ 1900ರಲ್ಲಿ ಕೆಥೊಲಿಕ್ ಪಂಥಕ್ಕೆ ಸೇರಿದಾಗ ಬಂಧುಗಳು ಮುನಿದು ಹಣದ ಸಹಾಯವನ್ನೇ ನಿಲ್ಲಿಸಿದರು. ಬಡತನದಲ್ಲೇ ಇಬ್ಬರು ಗಂಡುಮಕ್ಕಳನ್ನು ಸಾಕಿದ ಆಕೆ 1904ರಲ್ಲಿ ಸಿಹಿಮೂತ್ರ ರೋಗದಿಂದ ಮಡಿದರು. ಆ ಕಾಯಿಲೆಗೆ ಇನ್ಸುಲಿನ್ ಎಂಬ ಮದ್ದು ಇನ್ನೂ ಬಂದಿರದ ಕಾಲವದು. ತಾಯಿ ವಿಶ್ವಾಸಕ್ಕಾಗಿ ಪ್ರಾಣ ತೆತ್ತರೆಂದೇ ಮಗ ಕಡೆತನಕ ನಂಬಿದ್ದರು. ಫಾದರ್ ಫ್ರಾನ್ಸಿಸ್ ಮಾರ್ಗನ್ ಎಂಬ ಪಾದ್ರಿಗಳು ಅನಾಥ ಹುಡುಗರಿಗೆ ಪೋಷಕರಾದರು.

ಇಂಥ ನಿಷ್ಠೆಯ ಮನುಷ್ಯ 1916ರಲ್ಲಿ ಎಡಿತ್ ಬ್ರಾಟ್‌ಳನ್ನು ವರಿಸಿ, ಸೋಮ್ ರಣರಂಗ ಕಂಡು, ಜ್ವರ ಹಿಡಿದು ಮರಳಿ ಬಂದರು. ಮುಂದೆ ಜಾನ್, ಮೈಕೆಲ್, ಕ್ರಿಸ್ಟೋಫರ್, ಪ್ರಿಸಿಲ್ಲಾ ಎಂಬ ನಾಲ್ವರು ಮಕ್ಕಳಾದರು. 1920ರ ಡಿಸೆಂಬರಿನಲ್ಲಿ ಮೂರು ವರ್ಷದ ಜಾನ್, ಕ್ರಿಸ್ಮಸ್ ಅಜ್ಜ ಹೇಗಿದ್ದಾನೆ, ಎಲ್ಲಿರುತ್ತಾನೆ ಎಂದು ಕೇಳಿದ. ಬೇರೆ ತಂದೆಯಾದರೆ ಏನೋ ಒಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದರು. ಜಾನ್‌ಗೆ ಉತ್ತರ ಧ್ರುವದಿಂದ ಕಾಗದವೇ ಬಂತು, ಅಜ್ಜನ ಚಿತ್ರ, ಮನೆಯ ಚಿತ್ರ ಸಹಿತ! ಬಲು ಮುದುಕನ ಕೈಯಲ್ಲವೇ, ಅಕ್ಷರಗಳೆಲ್ಲ ನಡುಗುತ್ತಿದ್ದವು. ಲಕೋಟೆಗೆ ಟೋಲ್ಕಿನ್ನರೇ ಬರೆದ ಧ್ರುವದೇಶದ ಅಂಚೆಚೀಟಿ.

ವರ್ಷ ಕಳೆದಂತೆ ಸಂಸಾರ ಬೆಳೆಯಿತು, ಧ್ರುವದ ಮನೆಯೂ ಬೆಳೆಯಿತು. ಎಡವಟ್ಟು ಮಾಡುವ ಹಿಮಕರಡಿಯೊಂದು ಸೇರಿಕೊಂಡಿತು. 1925ರ ಕಾಗದದಲ್ಲಿ ಅದು ಅಜ್ಜನ ಟೊಪ್ಪಿ ತರಲೆಂದು ಧ್ರುವದ ಕಂಬವನ್ನೇ ಹತ್ತಿ, ಕಂಬ ಮುರಿದು ಮನೆಯ ಮಾಡಿನ ಮೇಲೆ ಬಿದ್ದಿತು. 1932ರಲ್ಲಿ ಗವಿಗಳಲ್ಲಿ ದಾರಿ ತಪ್ಪಿತು. ಅಲ್ಲಿ ಗಾಬ್ಲಿನ್ ಎಂಬ ಕುಬ್ಜ ದುಷ್ಟರಿದ್ದರು. ಕರಡಿಯ ಬರಹ ದಪ್ಪ, ಕಾರ್ಯದರ್ಶಿ ಇಲ್ಬೆರೆತ್‌ನದು ಸಪೂರ. ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿ ತಿದ್ದುವ ಮೇಷ್ಟ್ರ ಕಷ್ಟ ನಾವೂ ಬಲ್ಲೆವಷ್ಟೆ. ಅದರ ನಡುವೆ ಅವರು ಇಷ್ಟೆಲ್ಲ ಬರೆದರು.

ಕ್ರೈಸ್ತ ತಂದೆತಾಯಿಗಳಲ್ಲಿ ಅನೇಕರನ್ನು ಇಲ್ಲೊಂದು ಅಳುಕು ಕಾಡುವುದುಂಟು. ಅಜ್ಜ ಸುಳ್ಳೆಂದು ಮಗುವಿಗೆ ಗೊತ್ತಾದ ದಿನ ದನದ ಕೊಟ್ಟಿಗೆಯ ಬಾಲಯೇಸುವೂ ಸುಳ್ಳಾಗಿಬಿಟ್ಟರೆ? ಗೋದಲಿ ಕಟ್ಟುವ ನಮ್ಮ ಕರಾವಳಿಯ ಮನೆಗಳಿಗೂ ಇದು ದೂರದ ಮಾತಲ್ಲ. ಟೋಲ್ಕಿನ್ ಈ ಬಗ್ಗೆ ಉದಾಸೀನರಾಗಿದ್ದರೆಂದು ಹೇಳಲಾಗದು. ಬೆಳಿಗ್ಗೆ ಹುಡುಗರನ್ನೆಬ್ಬಿಸಿ ಸೈಕಲಿನಲ್ಲಿ ಸಂತ ಅಲೋಶಿಯಸ್ ಇಗರ್ಜಿಯ ಪೂಜೆಗೆ ಕರೆದೊಯ್ಯುತ್ತಿದ್ದ ತಂದೆ ಅವರು. 1939ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ, ಕಥೆಯೊಳಗಿರುವಷ್ಟು ಹೊತ್ತು ಅದರ ಲೋಕವನ್ನು ನಂಬುವುದೇ ಒಂದು ಬಗೆಯ ನಂಬಿಕೆ ಎಂದು ವಿವರಿಸಿದರು. ಅದನ್ನು ಪುಸ್ತಕಕ್ಕಾಗಿ ಬೆಳೆಸಿದಾಗ, ಸುವಾರ್ತೆಯು ಚರಿತ್ರೆಯೊಳಕ್ಕೇ ಇಳಿದು ನಿಜವಾದ ಕಥೆಯೆಂದೂ ಬರೆದರು. ಎರಡನ್ನೂ ಒಂದೇ ತಕ್ಕಡಿಗೆ ಹಾಕಲಿಲ್ಲ. ಆಡಿದ್ದು ಆಟ, ಆದರೆ ಅರೆಮನಸ್ಸಿನ ಆಟವಲ್ಲ. ನನಗೆ ಮೆಚ್ಚುಗೆಯಾದುದು ಇದು.

ದೊಡ್ಡವರಾದ ಮಕ್ಕಳ ಹೆಸರು ಕಾಗದದ ತಲೆಬರಹದಿಂದ ಒಂದೊಂದಾಗಿ ಜಾರಿತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಉಳಿದದ್ದು ಪ್ರಿಸಿಲ್ಲಾ ಒಬ್ಬಳೇ. ಮನೆಮಠ ಕಳೆದುಕೊಂಡವರ ಸಂಕಟ, ಸಾಮಾನಿನ ಅಭಾವ ಧ್ರುವಕ್ಕೂ ಮುಟ್ಟಿದ್ದನ್ನು ಅಜ್ಜ ಅವಳಿಂದ ಮುಚ್ಚಿಡಲಿಲ್ಲ. 1943ರಲ್ಲಿ ಅವಳಿಗೆ ಹದಿನಾಲ್ಕು. ಆ ವರ್ಷದ ಕಾಗದದಲ್ಲಿ ಅಜ್ಜ ವಿದಾಯ ಹೇಳಿದ. ಹಳೆಯ ಸ್ನೇಹಿತರ ಕಾಗದಗಳನ್ನು ತಾನು ಜೋಪಾನವಾಗಿ ಇಟ್ಟುಕೊಳ್ಳುವುದಾಗಿಯೂ, ಅವರಿಗೆ ಸ್ವಂತ ಮನೆ, ಮಕ್ಕಳಾದಾಗ ಮತ್ತೆ ಬರುವ ಆಸೆಯಿರುವುದಾಗಿಯೂ ತಿಳಿಸಿದ. ಮೊದಲ ಪ್ರಶ್ನೆ ಕೇಳಿದ್ದ ಜಾನ್ 1946ರಲ್ಲಿ ಪಾದ್ರಿಯಾದ.

ಟೋಲ್ಕಿನ್ 1973ರ ಸೆಪ್ಟೆಂಬರ್ 2ರಂದು ತೀರಿಕೊಂಡರು. ಆ ಕಾಗದಗಳನ್ನು ಮನೆಯವರು ಎಸೆದಿರಲಿಲ್ಲ. ಕ್ರಿಸ್ಟೋಫರನ ಪತ್ನಿ ಬೈಲಿ ಅವನ್ನು ಜೋಡಿಸಿ, ಚಿತ್ರಗಳ ಸಹಿತ 1976ರಲ್ಲಿ ಪುಸ್ತಕವಾಗಿ ಹೊರತಂದರು.