ಗಾನಯೋಗಿ ಪಂಚಾಕ್ಷರಿ ಗವಾಯಿಗಳವರ ಸ್ವರಸಾಧನೆ

ಕಲೆಯು ಶಿವನ ಪ್ರಸಾದವು. ಪೂಜೆಯು ಸಾಂಗವಾಗಿ ನೆರವೇರಿದ ಮೇಲೆಯೇ ಪ್ರಸಾದವು ಕೈಗೆ ಬರುವಂತೆ, ವರುಷಗಳ ತಾಳ್ಮೆಯನ್ನು ಸಲ್ಲಿಸಿದ ಸಾಧಕನಿಗೇ ಕಲೆಯು ವಶವಾಗುವುದು. ಲಿಂಗೈಕ್ಯ ಗಾನಯೋಗಿ ಪಂಚಾಕ್ಷರಿ ಗವಾಯಿಗಳವರ ಚರಿತ್ರವು ಇದಕ್ಕೆ ಉಜ್ವಲವಾದ ನಿದರ್ಶನವಾಗಿದೆ.

ಗವಾಯಿಗಳವರು 1892ನೆಯ ಇಸವಿ ಫೆಬ್ರುವರಿ 2ರಂದು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ, ನೀಲಮ್ಮ ಎಂಬ ಜಂಗಮ ದಂಪತಿಗಳ ಮಗನಾಗಿ ಜನಿಸಿದರು. ಬಾಲ್ಯದ ಹೆಸರು ಗದಿಗೆಯ್ಯ. ಮಗುವಿನ ಕಣ್ಣುಗಳಿಗೆ ಬೆಳಕಿರಲಿಲ್ಲ. ಅಣ್ಣನೂ ಅಂಧನೇ ಆಗಿದ್ದನು. ಹಳ್ಳಿಗಾಡಿನ ಅಂಧರಿಗೆ ಆಗ ಶಾಲೆಯಿಲ್ಲ, ಉದ್ಯೋಗವಿಲ್ಲ. ಪರರ ಬಾಗಿಲಲ್ಲಿ ಕೈಯೊಡ್ಡುವುದೊಂದೇ ಲೋಕವು ಅವರಿಗೆ ತೋರುತ್ತಿದ್ದ ದಾರಿ.

ಆ ದಾರಿಯನ್ನು ತಪ್ಪಿಸಿದವರು ಪರಮಪೂಜ್ಯ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಮಹಾನುಭಾವರು ಬಾಲಕರ ಕಂಠಮಾಧುರ್ಯವನ್ನು ಗುರುತಿಸಿ, ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತವನ್ನು ಕಲಿಸುವ ಏರ್ಪಾಡು ಮಾಡಿದರು. ಕರುಣೆಯಿಂದ ಅನ್ನವನ್ನಿಕ್ಕುವವರು ಹಲವರುಂಟು. ಅನ್ನವನ್ನು ದುಡಿದುಕೊಳ್ಳುವ ವಿದ್ಯೆಯನ್ನು ಕೊಡಿಸುವವರು ವಿರಳ.

ಸಂಗೀತಾಭ್ಯಾಸವು ಕಣ್ಣುಳ್ಳವರಿಗೂ ಕಠಿನವಾದುದು. ಷಡ್ಜವು ಸ್ಥಿರವಾಗದೆ ಮುಂದಿನ ಸ್ವರವು ನಿಲ್ಲದು. ಸರಳೆ ಜಂಟಿಗಳು ಮೂರು ಕಾಲಗಳಲ್ಲಿಯೂ ತಪ್ಪದೆ ಬಾರದಿದ್ದರೆ ಕೀರ್ತನೆಯು ಶೋಭಿಸದು. ಕಣ್ಣುಳ್ಳವನು ಮರೆತುದನ್ನು ಬರಹದಲ್ಲಿ ನೋಡಿಕೊಳ್ಳುವನು. ಅಂಧ ಸಾಧಕನಿಗೆ ಕಿವಿಯೇ ಪುಸ್ತಕ, ನೆನಪೇ ಭಂಡಾರ. ಗುರುವು ಹಾಡಿದುದನ್ನು ಕೇಳಿದೊಡನೆ ಹಿಡಿಯಬೇಕು. ಹಿಡಿದುದನ್ನು ನೂರು ಸಲ ಹಾಡಿ ಉಳಿಸಿಕೊಳ್ಳಬೇಕು. ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನಿಲಿಸಿ ಶಿವಯೋಗಿಯು ಮನಸ್ಸನ್ನು ಗೆಲ್ಲುವನು; ಗದಿಗೆಯ್ಯನು ಸ್ವರದಲ್ಲಿ ಕಿವಿಯನ್ನು ನಿಲಿಸಿ ಆ ಏಕಾಗ್ರತೆಯನ್ನೇ ಸಾಧಿಸಬೇಕಾಯಿತು.

ಗವಾಯಿಗಳವರು ಮೈಸೂರಿನಲ್ಲಿ ನಾಲ್ಕು ವರ್ಷ ನಿಂತು ಕರ್ನಾಟಕ ಸಂಗೀತವನ್ನು ಅಭ್ಯಸಿಸಿದರು. ಅಷ್ಟಕ್ಕೆ ತೃಪ್ತರಾಗದೆ ಮಿರಜಿನ ನೀಲಕಂಠಬುವಾ ಅವರಿಂದಲೂ, ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದಲೂ ಹಿಂದುಸ್ಥಾನಿ ಗಾಯನವನ್ನು ಪಡೆದರು. ಒಂದು ಪದ್ಧತಿಯಲ್ಲಿ ಪಳಗಿದ ಕಂಠಕ್ಕೆ ಮತ್ತೊಂದರ ನಡೆಯು ಸುಲಭವಾಗಿ ಒಲಿಯದು. ಗಮಕದ ರೀತಿ ಬೇರೆ, ರಾಗವನ್ನು ಬಿಡಿಸುವ ಕ್ರಮ ಬೇರೆ. ಕಿರಾಣಾ ಪದ್ಧತಿಯಲ್ಲಂತೂ ವಿಲಂಬಿತ ಲಯದಲ್ಲಿ ಒಂದೊಂದೇ ಸ್ವರವನ್ನು ಮೆಲ್ಲಮೆಲ್ಲನೆ ಅರಳಿಸಬೇಕು. ಕಲಿತವರೆನಿಸಿಕೊಂಡ ಮೇಲೆಯೂ ಮರಳಿ ವಿದ್ಯಾರ್ಥಿಯಾಗಿ ಗುರುಗಳ ಮುಂದೆ ಕುಳಿತುದರಿಂದ ಅವರು ಉಭಯ ಸಂಗೀತಗಳಲ್ಲಿಯೂ ಪಾರಂಗತರೆನಿಸಿದರು.

ಇಂತಹ ವಿದ್ಯೆಯಿಂದ ಧನವನ್ನೂ ಮನ್ನಣೆಯನ್ನೂ ಗಳಿಸಿ ಸುಖವಾಗಿರಬಹುದಿತ್ತು. ಗವಾಯಿಗಳವರಾದರೋ ಬ್ರಹ್ಮಚರ್ಯವನ್ನು ಕೈಕೊಂಡು, ಅಂಧ ಅನಾಥ ಬಾಲಕರನ್ನು ಕೂಡಿಸಿಕೊಂಡು, ಊರಿಂದೂರಿಗೆ ಸಂಚರಿಸುತ್ತ ಪಾಠಶಾಲೆಯನ್ನು ನಡೆಯಿಸಿದರು. 1930ರಲ್ಲಿ ಕುಮಾರಸ್ವಾಮಿಗಳವರು ಲಿಂಗೈಕ್ಯರಾದರೂ ಗುರುವಿತ್ತ ಕಾಯಕವನ್ನು ಬಿಡಲಿಲ್ಲ. ಶಿಷ್ಯರ ಅನ್ನಕ್ಕಾಗಿ ನಾಟಕ ಸಂಘವನ್ನೂ ನಡೆಯಿಸಿದರು. ಕೊನೆಗೆ ಪಾಠಶಾಲೆಯು ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು.

ತಾವು ಪಟ್ಟ ಶ್ರಮವನ್ನು ಶಿಷ್ಯರಲ್ಲಿಯೂ ಬೆಳೆಯಿಸಿದರು. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಹಂಪೆಯಲ್ಲಿ ನಡೆದಾಗ, ತರುಣ ಬಸವರಾಜ ರಾಜಗುರುಗಳು ಅಲ್ಲಿ ಹಾಡಿದರು. ಆಗ ಗವಾಯಿಗಳವರು ಶಿಷ್ಯನ ಪಕ್ಕದಲ್ಲಿ ಕುಳಿತು ತಬಲಾ ನುಡಿಸಿದರು. ಗುರುವು ಠೇಕಾ ಹಿಡಿಯಲು ಶಿಷ್ಯನು ಸಭೆಯನ್ನು ತಣಿಸಿದನು. ತನ್ನ ಕೀರ್ತಿಗಾಗಿ ಸಾಧಿಸಿದವನಿಗೆ ಆ ಸ್ಥಾನವು ಹಿತವೆನಿಸದು. ಗುರುಸೇವೆಗಾಗಿ ಸಾಧಿಸಿದವರಿಗೆ ಅದೇ ಸಾಧನೆಯ ಫಲವು.

1944ನೆಯ ಇಸವಿ ಜೂನ್ 11ರಂದು ಗವಾಯಿಗಳವರು ಲಿಂಗೈಕ್ಯರಾದರು. ಅವರ ಶಿಷ್ಯರಾದ, ತಾವೂ ಅಂಧರಾಗಿದ್ದ ಪುಟ್ಟರಾಜ ಗವಾಯಿಗಳವರು 2010ರಲ್ಲಿ ಲಿಂಗೈಕ್ಯರಾಗುವ ತನಕ ಆಶ್ರಮದ ಭಾರವನ್ನು ಹೊತ್ತು ಅಸಂಖ್ಯ ಅಂಧ ಬಾಲಕರಿಗೆ ನಾದದ ಬೆಳಕನ್ನಿತ್ತರು. ಕೈಯೊಡ್ಡಬೇಕಾಗಿದ್ದ ಒಬ್ಬ ಬಾಲಕನ ತಾಳ್ಮೆಯು ಸಾವಿರ ಕೈಗಳಿಗೆ ತಂಬೂರಿಯನ್ನು ಕೊಟ್ಟಿತು. ಆ ತಾಳ್ಮೆಯು ಗುರುಕೃಪೆಯಿಂದ ಭಕ್ತಜನರೆಲ್ಲರ ಕಾಯಕದಲ್ಲಿಯೂ ನೆಲಸಲಿ.