ಜೆರಿಕೋವನ್ನು ಅಗೆದ ಕ್ಯಾಥ್ಲೀನ್ ಕೆನ್ಯನ್

ಜವನಗೊಂಡನಹಳ್ಳಿಯಿಂದ ಹಿರಿಯೂರು ದಾಟಿ ಚಿತ್ರದುರ್ಗಕ್ಕೆ ಹೋದಾಗ ಕೋಟೆಯ ಮಗ್ಗುಲಿನ ಚಂದ್ರವಳ್ಳಿಯನ್ನು ನೀವು ನೋಡಿರಬಹುದು. 1947ರಲ್ಲಿ ಅಲ್ಲಿ ಉತ್ಖನನ ನಡೆಸಿದವರು ಮಾರ್ಟಿಮರ್ ವೀಲರ್. ರೋಮನ್ ನಾಣ್ಯಗಳೂ ದೊರೆತ ಸ್ಥಳವದು. (ನಾಣ್ಯ ವ್ಯಾಪಾರಕ್ಕೆ ಸಾಕ್ಷಿಯೇ ಹೊರತು, ಪ್ರೇಷಿತರು ಇಲ್ಲಿಗೆ ಬಂದಿದ್ದರೆಂಬುದಕ್ಕಲ್ಲ!) ಮಣ್ಣನ್ನು ಪದರ ಪದರವಾಗಿ ಓದುವ ವೀಲರರ ವಿಧಾನವನ್ನು ಇಂಗ್ಲೆಂಡಿನಲ್ಲಿ ಅವರಿಂದಲೇ ಕಲಿತವರು ಕ್ಯಾಥ್ಲೀನ್ ಕೆನ್ಯನ್.

1906ರಲ್ಲಿ ಜನಿಸಿದ ಈಕೆ ಆಂಗ್ಲಿಕನ್ ಸಭೆಯವರು. ತಂದೆ ಫ್ರೆಡರಿಕ್ ಬೈಬಲ್ ಹಸ್ತಪ್ರತಿಗಳ ವಿದ್ವಾಂಸರು.

ಜನರ ಆರ್ಭಟಕ್ಕೆ ಜೆರಿಕೋವಿನ ಗೋಡೆ ಕುಸಿದದ್ದನ್ನು ಯೆಹೋಶುವನ ಗ್ರಂಥದಲ್ಲಿ ಓದಿದ್ದೀರಿ. 1930ರ ದಶಕದಲ್ಲಿ ಜಾನ್ ಗಾರ್‌ಸ್ಟಾಂಗ್ ಬಿದ್ದ ಗೋಡೆಗಳನ್ನು ಅಗೆದು, ಅವು ಇವೇ ಎಂದು ಸಾರಿದರು. ಅನೇಕ ವಿಶ್ವಾಸಿಗಳು ಹಿಗ್ಗಿದರು. 1952ರಿಂದ 1958ರವರೆಗೆ ಕೆನ್ಯನ್ ಅದೇ ದಿಬ್ಬವನ್ನು ಮತ್ತೆ ಅಗೆದರು. ಆ ಗೋಡೆಗಳು ಗಾರ್‌ಸ್ಟಾಂಗ್ ಹೇಳಿದ್ದಕ್ಕಿಂತ ಸುಮಾರು ಸಾವಿರ ವರ್ಷ ಹಳೆಯವೆಂದು ತಿಳಿಯಿತು. ಯೆಹೋಶುವನ ಕಾಲದ್ದೆನ್ನಬಹುದಾದ ಕೋಟೆ ಸಿಗಲಿಲ್ಲ. ಮೇಲಿನ ಪದರಗಳು ಮಳೆಗಾಳಿಗೆ ಸವೆದುಹೋಗಿರಬಹುದೆಂಬುದನ್ನೂ ಆಕೆ ಮುಚ್ಚಿಡಲಿಲ್ಲ.

ಗಾರ್‌ಸ್ಟಾಂಗರ ಗೋಡೆಗೆ ವಿಶ್ವಾಸವನ್ನು ಒರಗಿಸಿದವರ ಪಾಡೇನಾಗಬೇಕು? ಮೊಬೈಲಿನಲ್ಲಿ ನೋವನ ನಾವೆ ಸಿಕ್ಕಿತೆಂಬ ಸುದ್ದಿ ಬಂದಾಗ ನೀವೂ ಯೋಚಿಸಿ. ದೇವರ ವಾಕ್ಯ ನಮ್ಮ ರಕ್ಷಣೆಗೆ ಬೇಕಾದ ಸತ್ಯವನ್ನು ಬೋಧಿಸುತ್ತದೆಂದು 1965ರಲ್ಲೇ ದ್ವಿತೀಯ ವ್ಯಾಟಿಕನ್ ಮಹಾಸಭೆ ಕಲಿಸಿತು. ಅದಕ್ಕೆ ಇಟ್ಟಿಗೆಯ ಜಾಮೀನು ಕೇಳಲಿಲ್ಲ.

ಕೆನ್ಯನ್ 1961ರಿಂದ ಜೆರುಸಲೇಮಿನಲ್ಲೂ ಅಗೆದರು, ಆಕ್ಸ್‌ಫರ್ಡಿನ ಸೇಂಟ್ ಹ್ಯೂಸ್ ಕಾಲೇಜಿನ ಪ್ರಾಂಶುಪಾಲರಾದರು, 1978ರಲ್ಲಿ ತೀರಿಕೊಂಡರು. ಯೆಹೋಶುವನಿಗಿಂತ ಸಾವಿರಾರು ವರ್ಷ ಹಿಂದಿನ, ಆಕೆ ಹೊರತೆಗೆದ ಕಲ್ಲಿನ ಗೋಪುರ ಮಾತ್ರ ಜೆರಿಕೋದಲ್ಲಿ ಇಂದಿಗೂ ನಿಂತಿದೆ.