ಡಾ. ರಾಜೇಶ್ವರಿ ಚಟರ್ಜಿ (1922–2010)

ಮೈಕ್ರೋವೇವ್ ಹಾಗೂ ಆಂಟೆನಾ ಇಂಜಿನಿಯರಿಂಗ್ ಕ್ಷೇತ್ರದಲ್ಲಿ ಅನುಪಮ ಸೇವೆ ಸಲ್ಲಿಸಿದ ಡಾ. ರಾಜೇಶ್ವರಿ ಚಟರ್ಜಿಯವರು ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಗುರುತಿಸಲ್ಪಟ್ಟಿದ್ದಾರೆ. 1922ರ ಜನವರಿ 24ರಂದು ಜನಿಸಿದ ಇವರ ಅಜ್ಜಿ ಕಮಲಮ್ಮ ದಾಸಪ್ಪನವರು ಅಂದಿನ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರ ಹಾಗೂ ಪರಿತ್ಯಕ್ತ ಸ್ತ್ರೀಯರ ಶಿಕ್ಷಣಕ್ಕಾಗಿ ಶ್ರಮಿಸಿದ ಅವರು ಮಹಿಳಾ ಸೇವಾ ಸಮಾಜದ ಆಶ್ರಯದಲ್ಲಿ ಸ್ಥಾಪಿಸಿದ ಶಾಲೆಯಲ್ಲಿಯೇ ಮೊಮ್ಮಗಳ ಆರಂಭಿಕ ವಿದ್ಯಾಭ್ಯಾಸ ನಡೆಯಿತು. ಇತಿಹಾಸದಲ್ಲಿಯೂ ಒಲವಿದ್ದ ರಾಜೇಶ್ವರಿಯವರು ಕಡೆಗೆ ಗಣಿತವನ್ನು ಆಯ್ದುಕೊಂಡು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎಸ್ಸಿ. (ಆನರ್ಸ್) ಹಾಗೂ ಎಂ.ಎಸ್ಸಿ. ಪದವಿಗಳೆರಡರಲ್ಲಿಯೂ ಮೈಸೂರು ವಿಶ್ವವಿದ್ಯಾಲಯಕ್ಕೆ ಪ್ರಥಮ ಸ್ಥಾನ ಗಳಿಸಿದರು.

1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗದಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾದರು. ಸರ್ಕಾರದ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾಗಿ 1947ರಲ್ಲಿ ಹಡಗಿನಲ್ಲಿ ಅಮೆರಿಕೆಗೆ ತೆರಳಿದರು. ಅವಿವಾಹಿತ ಹೆಣ್ಣುಮಗಳೊಬ್ಬಳು ಏಕಾಂಗಿಯಾಗಿ ಸಾಗರ ದಾಟುವುದು ಅಂದು ಸಾಮಾನ್ಯ ಸಂಗತಿಯಾಗಿರಲಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ, ವಾಷಿಂಗ್ಟನ್ನಿನಲ್ಲಿ ಎಂಟು ತಿಂಗಳ ಪ್ರಾಯೋಗಿಕ ತರಬೇತಿ ಮುಗಿಸಿ, ಬಾರ್ಬರ್ ವಿದ್ಯಾರ್ಥಿವೇತನದ ನೆರವಿನಿಂದ 1953ರಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ ಬೆಂಗಳೂರಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯ ಬೋಧಕ ವರ್ಗವನ್ನು ಸೇರಿದರು. ಅಲ್ಲಿಯೇ ಪ್ರಾಧ್ಯಾಪಕರಾಗಿದ್ದ ಶಿಶಿರ್ ಕುಮಾರ್ ಚಟರ್ಜಿಯವರನ್ನು ವಿವಾಹವಾದರು.

ದಂಪತಿಗಳಿಬ್ಬರೂ ಸೇರಿ ಕಟ್ಟಿದ ಮೈಕ್ರೋವೇವ್ ಸಂಶೋಧನಾ ಪ್ರಯೋಗಾಲಯವು ದೇಶದಲ್ಲಿ ಈ ಬಗೆಯ ಮೊದಲ ಪ್ರಯತ್ನಗಳಲ್ಲೊಂದು. ವಿದ್ಯುತ್ಕಾಂತೀಯ ಮೇಲ್ಮೈ ತರಂಗಗಳು ಅಲ್ಲಿನ ಮುಖ್ಯ ಅಧ್ಯಯನ ವಿಷಯಗಳಲ್ಲೊಂದಾಗಿದ್ದವು. ಈ ವಿಷಯವನ್ನು ನಮ್ಮ ಭಾಗದ ಓದುಗರು ಶಹಾಬಾದ್ ಕಲ್ಲಿನ ನಿದರ್ಶನದಿಂದ ಸ್ಥೂಲವಾಗಿ ಗ್ರಹಿಸಬಹುದು. ನುಣುಪು ಮಾಡಿದ ಚಪ್ಪಡಿಯನ್ನು ಓರೆಯಾಗಿಟ್ಟು ನೀರು ಸುರಿದರೆ ಸರ್ರನೆ ಜಾರಿಹೋಗುತ್ತದೆ. ಹರಿವಿಗೆ ಅಡ್ಡಲಾಗಿ ಗೀರುಗಳನ್ನು ಕೊರೆದಿದ್ದರೆ ನೀರು ನಿಧಾನಗೊಂಡು ಕಲ್ಲಿಗೆ ಅಂಟಿಕೊಂಡೇ ಸಾಗುತ್ತದೆ. ಅಂತೆಯೇ ನುಣುಪಾದ ಲೋಹದ ಮೇಲೆ ತರಂಗದ ಹಿಡಿತ ಬಲು ಸಡಿಲ. ಅಡ್ಡಲಾಗಿ ಒತ್ತೊತ್ತಾದ ತೋಡುಗಳನ್ನು ಕೊರೆದಾಗ ಅದರ ವೇಗ ತಗ್ಗಿ, ಶಕ್ತಿಯು ಮೇಲ್ಮೈಯ ಸಮೀಪದಲ್ಲಿಯೇ ಉಳಿಯುತ್ತದೆ. ತೋಡಿನ ಆಳವು ತರಂಗಾಂತರದ ಕಾಲುಭಾಗಕ್ಕಿಂತ ಕಡಿಮೆಯಿರಬೇಕು. ಎಂದರೆ 3 ಸೆಂ.ಮೀ. ತರಂಗಕ್ಕೆ 7.5 ಮಿ.ಮೀ. ಒಳಗೆ. ಈ ಮಿತಿಯನ್ನು ತುಸು ಮೀರಿದರೂ ತರಂಗವನ್ನು ಹಿಡಿದಿಡುವ ಗುಣವೇ ಇಲ್ಲವಾಗುತ್ತದೆ. ಲೋಹದ ಮೇಲೆ ವಿದ್ಯುತ್ ನಿರೋಧಕ ವಸ್ತುವಿನ ತೆಳುಪದರವನ್ನು ಹೊದಿಸಿಯೂ ಇದೇ ಹಿಡಿತವನ್ನು ಸಾಧಿಸಬಹುದು. ಲೋಹದ ತಂತಿಗೆ ನಿರೋಧಕ ಪದರಗಳನ್ನು ಹೊದಿಸಿದಾಗ ಅದರ ಗುಂಟ ತರಂಗವು ಸಾಗುವ ಬಗೆಯನ್ನು ಚಟರ್ಜಿ ದಂಪತಿಗಳು 1950ರ ದಶಕದಲ್ಲಿಯೇ ಗಣಿತರೀತ್ಯಾ ಪರಿಶೀಲಿಸಿದರು. ತರಂಗವನ್ನು ಹೀಗೆ ಕೊನೆಯವರೆಗೆ ಸಾಗಿಸಿ ಬೇಕಾದ ದಿಕ್ಕಿಗೆ ಬಿಡುವುದೇ ಮೇಲ್ಮೈ ತರಂಗ ಆಂಟೆನಾಗಳ ತತ್ತ್ವ. ಕಾಗದದ ಮೇಲಿನ ಸಮೀಕರಣವನ್ನು ಲೋಹದಲ್ಲಿ ಕೊರೆದು ಅಳೆದು ನೋಡುವ ಈ ಕಾರ್ಯಕ್ಕೆ ಅವರ ಗಣಿತದ ಬುನಾದಿ ಬಹಳವಾಗಿ ಒದಗಿಬಂದಿತು.

ಮುಂದೆ ವಿದ್ಯುತ್ ಸಂವಹನ ಇಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಾದ ಇವರು 20 ಮಂದಿಗೆ ಪಿ.ಎಚ್‌ಡಿ. ಮಾರ್ಗದರ್ಶನ ಮಾಡಿದರು. 100ಕ್ಕೂ ಹೆಚ್ಚು ಸಂಶೋಧನಾ ಪ್ರಬಂಧಗಳನ್ನೂ ಏಳು ಗ್ರಂಥಗಳನ್ನೂ ರಚಿಸಿದರು. 1982ರಲ್ಲಿ ನಿವೃತ್ತರಾದ ತರುವಾಯ ಭಾರತೀಯ ಮಹಿಳಾ ಅಧ್ಯಯನ ಸಂಘದೊಡನೆ ಕಾರ್ಯನಿರ್ವಹಿಸಿದರು. ಹೆಣ್ಣುಮಕ್ಕಳ ಶಾಲೆಯ ಅಜ್ಜಿಯ ಮೊಮ್ಮಗಳಿಗೆ ಇದು ಹೊಸ ದಾರಿಯೇನೂ ಆಗಿರಲಿಲ್ಲ. 2010ರ ಸೆಪ್ಟೆಂಬರ್ 3ರಂದು ನಿಧನ ಹೊಂದಿದರು.